ಮುದ್ದೆ ಅಗಿಯುವ ಬೊಮ್ಮಣ್ಣ

ಶಿರಾ, 8 ಜೂನ್ 1936

ಬೆಳಗಿನಿಂದ ನನ್ನ ಜಗಲಿಯಲ್ಲಿ ಮದ್ದು, ಪಥ್ಯ ಕೇಳುವವರದೇ ಸಾಲು. ಹುಳಿತೇಗು, ಕಾಮಾಲೆ, ಬಾಣಂತಿ. ಕೊನೆಗೆ ಕಡಲೇಕಾಯಿ ಮೂಟೆ ಹೊರುವ ಬೊಮ್ಮಣ್ಣನನ್ನು ಹೆಂಡತಿ ಜಯಕ್ಕ ಎಳೆದುಕೊಂಡು ಬಂದಳು. “ಮುದ್ದೆ ಅಗೀತಾವ್ರೆ ಅಯ್ನೋರೇ. ನುಂಗಾಕಾಗಲ್ವಂತೆ.” ಮೂರು ಮುದ್ದೆ ಗುಳುಂ ಎನಿಸುತ್ತಿದ್ದ ಆಳು! ನಗು ಬಂತು. ಪಿತ್ತ, ಒಣಗಂಟಲು — ಅಷ್ಟೇ. ಮುದ್ದೆ ಬಿಡಿಸಿ ತುಪ್ಪದ ಗಂಜಿ ಹೇಳಿದೆ.

24 ಜೂನ್

ಗಂಜಿ ಇಳಿಯುತ್ತಿದೆಯಂತೆ. ನಾನು ಹೇಳಿರಲಿಲ್ಲವೇ? ಡಿಸ್ಪೆನ್ಸರಿಯ ಡಾಕ್ಟರು ಸಂಜೀವಯ್ಯ ಅವನನ್ನು ಕರೆದು, ಬಾಯಿ ತೆರೆಸಿ ನೋಡಿ, ಬೆಂಗಳೂರು ದೊಡ್ಡಾಸ್ಪತ್ರೆಗೆ ಹೋಗು ಅಂದನಂತೆ. ಮೀಸೆ ಇನ್ನೂ ಸರಿಯಾಗಿ ಚಿಗುರಿಲ್ಲ, ನನ್ನ ರೋಗಿಗೆ ಕೈ ಹಾಕುತ್ತಾನೆ.

19 ಜುಲೈ

ಗಂಜಿ ಸಿಕ್ಕಿಕೊಳ್ಳುತ್ತಿದೆ. ಬಟ್ಟೆಯಲ್ಲಿ ಸೋಸಿ ಕುಡಿಸು ಅಂದೆ. ಇಳಿಯಿತು. ಆದರೆ ದನಿ ಒಡೆದಿದೆ... ಉಡಿದಾರ ಜಾರುತ್ತಿದೆ. ಕದ್ದು ಖಾರ ಹಾಕಿದ್ದೀಯ ಅಂತ ಜಯಕ್ಕನಿಗೆ ಬೈದೆ.

“ಉಣ್ಣಾಕೇ ಆಗ್ದೋರಿಗೆ ಖಾರ ಯಾಕ್ ಹಾಕ್ಲಿ?” ಅಂದಳು. ಎದುರುತ್ತರ ಬೇರೆ.

2 ಆಗಸ್ಟ್, ಸಂಜೆ

ಡಾಕ್ಟರು ಮನೆಗೇ ಬಂದ. ಕೂರು ಅನ್ನಲಿಲ್ಲ.

“ಪಥ್ಯ ನಿಮ್ಮದೇ ಇರಲಿ ಪಂಡಿತರೇ. ಗಂಟಲಲ್ಲಿ ಗಡ್ಡೆ ಇದ್ದರೆ ಗಂಜಿ ಏನು ಮಾಡುತ್ತೆ? ನನ್ನ ಕೈಲೂ ಆಗಲ್ಲ, ಅದಕ್ಕೇ ಬೆಂಗಳೂರು. ನೀವು ಹೇಳದೆ ಅವನು ಬಸ್ಸು ಹತ್ತಲ್ಲ.”

ತನ್ನ ಕೈಲಾಗದು ಅಂತ ಬಾಯಿಬಿಟ್ಟು ಹೇಳುವ ಡಾಕ್ಟರು! ನಾಚಿಕೆಗೆಟ್ಟವನು. ಇವನ ಮಾತಿಗೆ ಹೂಂ ಅಂದರೆ ನಾಳೆ ನನ್ನ ಜಗಲಿ ಹತ್ತುವವರು ಯಾರು? ಬಾಗಿಲು ಹಾಕಿಕೊಂಡೆ.

3 ಆಗಸ್ಟ್

ಬೊಮ್ಮಣ್ಣ ಗೋಡೆ ಹಿಡಿದುಕೊಂಡು ಬಂದ. ಪಿಸುದನಿ.

“ಓಗ್ಲಾ ಅಯ್ನೋರೇ? ನೀವು ಓಗು ಅಂದ್ರೆ ಓಯ್ತೀನಿ. ಇಲ್ಲಾಂದ್ರೆ ಇಲ್ಲ.”

“ಇನ್ನೊಂದು ಪಕ್ಷ ನೋಡೋಣ” ಅಂದೆ. ಅನ್ನದ ತಿಳಿ ಹೇಳಿದೆ. ಕಾಲು ಮುಟ್ಟಿ ಹೋದ. ಯಾಕೋ ಅವನ ಮೇಲೇ ಸಿಟ್ಟು ಬಂತು.

31 ಆಗಸ್ಟ್

ಜಯಕ್ಕ ಬಾಗಿಲಲ್ಲಿ ನಿಂತು ಕೂಗಾಡಿದಳು. ಬೀದಿಯೆಲ್ಲ ಕೇಳಿತು.

“ತಿಳೀನೂ ಇಳೀತಿಲ್ಲ! ಇನ್ನೆಷ್ಟು ತೆಳ್ಳಗೆ ಮಾಡ್ಲಿ? ನೀರಿಗಿಂತ ತೆಳ್ಳಗಿರಾದು ಏನೈತೆ, ಯೋಳಿ!”

ಚಪ್ಪಲಿ ಮೆಟ್ಟಿದೆ. ಅವಳ ಹಿಂದೆ ಅವರ ಮನೆಗೆ ಹೊರಟೆ. ಡಾಕ್ಟರು ಆಗಲೇ ಅಲ್ಲಿದ್ದ. ನನ್ನನ್ನು ನೋಡಿ ಪಕ್ಕಕ್ಕೆ ಸರಿದು ಜಾಗ ಬಿಟ್ಟ. ಹಾಳಾದವನು, ಒಂದು ಮಾತು ಬೈದಿದ್ದರೂ ಚೆನ್ನಾಗಿತ್ತು.

“ಬೊಮ್ಮಣ್ಣ, ಬೆಂಗಳೂರಿಗೆ ಹೋಗಪ್ಪ. ನಾನೇ ಹೇಳ್ತಿದೀನಿ” ಅಂದೆ.

ತಲೆಯಾಡಿಸಿದ. ಏಳಲು ಕೈ ಊರಿದ. ಆಗಲಿಲ್ಲ. ಡಾಕ್ಟರ ಕಡೆ ನೋಡಿದೆ — ಆತ ತಲೆ ತಗ್ಗಿಸಿದ. ಬೊಮ್ಮಣ್ಣ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದ. ಕಿವಿಯನ್ನು ಅವನ ಬಾಯಿಯ ಬಳಿ ಇಟ್ಟೆ.

“ದಾರೀಗೆ ಪತ್ಯ ಏನು ಅಯ್ನೋರೇ?”

ನಾನು ಹೇಳಿದ್ದು — “ಪಥ್ಯ ಮುಗೀತಪ್ಪ. ಮುದ್ದೆ ಉಣ್ಣು.”