ಗೆರೆಗೆ ಹೊಂದದ ಆರು ಚುಕ್ಕೆಗಳು

12 ಜುಲೈ 2001, ಗುರುವಾರ

ಬೆಳಿಗ್ಗೆ ಲ್ಯಾಬಿನ ಅನಸೂಯ ಕುಲುಮೆಯಿಂದ ತೆಗೆದ ಸುಣ್ಣಕಲ್ಲಿನ ಹರಳೊಂದನ್ನು ಒಡೆದು ತೋರಿಸಿದಳು. ಹೊರಗೆ ಕಂದು ಸಿಪ್ಪೆ, ಒಳಗೆ ಏನೂ ತಾಗದ ಬಿಳುಪು. ಕಾರ್ಖಾನೆ ಹೊಗೆಯ ಗಂಧಕದ ಅನಿಲವನ್ನು ಹೀರುತ್ತಾ ಹೀರುತ್ತಾ ಅಂಚಿನ ರಂಧ್ರಗಳು ಕಟ್ಟಿಕೊಂಡುಬಿಡುತ್ತವಂತೆ. ಒಳಗಿನ ಸುಣ್ಣ ಸುಮ್ಮನೆ ದಂಡ.

ತಿರುಮಲೇಶ ಸರ್ ಕಂಪ್ಯೂಟರಿನಲ್ಲಿ ಮಾಡಿದ ಲೆಕ್ಕದಲ್ಲಿ ಮಾತ್ರ ರಂಧ್ರಗಳು ಕೊನೆಯವರೆಗೂ ತೆರೆದೇ ಇರುತ್ತವೆ. ಸುಣ್ಣ ಎಷ್ಟು ಅನಿಲ ಹೀರುತ್ತದೆಂಬ ನಕ್ಷೆಯಲ್ಲಿ ಅವರ ಗೆರೆಗಿಂತ ಎಷ್ಟೋ ಕೆಳಗೆ ಅನಸೂಯಳ ಅಳತೆಯ ಆರು ಚುಕ್ಕೆಗಳಿವೆ. ಮಧ್ಯಾಹ್ನ ನಾನು ವರದಿಯ ಭಾಷೆ ತಿದ್ದುತ್ತಿದ್ದಾಗ ಸರ್ ಹಿಂದೆ ಬಂದು ನಿಂತರು.

“ಆ ಆರನ್ನೂ ಎತ್ತಿಬಿಡಮ್ಮಾ. ನೋಡೋಕೆ ಅಸಿಂಗವಾಗಿದೆ, ಗೆರೆಯ ಅಂದ ಕೆಡುತ್ತೆ.”

“ಅನಸೂಯ ಎರಡು ಸಲ ಅಳೆದಿದ್ದಾಳೆ, ಸಾರ್.”

“ಅಯ್ಯೋ, ಕವಿತೆ ಓದಿದೋರು ರಂಧ್ರ ಎಣಿಸೋಕೆ ಶುರು ಮಾಡಿದ್ರಾ! ನೀನು ಕಾಮಾ, ಫುಲ್‌ಸ್ಟಾಪ್ ನೋಡಮ್ಮಾ, ಪೋದುಂ, ಅಷ್ಟು ಸಾಕು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಕ್ಕಿದ್ದಷ್ಟೇ ಅಲ್ಲ, ಚುಕ್ಕೆಗಳನ್ನು ಅಳಿಸಿಯೂ ಬಿಟ್ಟೆ. ಅನಸೂಯ ಕನ್ನಡಕ ಒರೆಸಿಕೊಂಡಳು.

ಈ ವರದಿಯನ್ನು ನಂಬಿ ತಿರುವೊಟ್ಟಿಯೂರಿನ ಕಾರ್ಖಾನೆ ಬೇಕಾದುದರ ಅರ್ಧದಷ್ಟೇ ಸುಣ್ಣ ಹಾಕುತ್ತದೆ. ಹಿಡಿಯದೆ ಉಳಿದ ಅನಿಲವೆಲ್ಲ ಅಲ್ಲಿ ಮೀನು ಒಣಗಿಸುವ ಹೆಂಗಸರ ಎದೆಗೆ. ಸರ್ ಮನೆ ಇರುವುದು ಆ ಹೊಗೆ ತಲುಪದಷ್ಟು ದೂರದ ಟಿ. ನಗರದಲ್ಲಿ. ಅವರಿಗೇನು, ಗೆರೆ ನುಣ್ಣಗಿದ್ದರಾಯಿತು! ರಂಧ್ರದ ವಿಷಯ ನನಗೆ ತಿಳಿಯದಿರಬಹುದು. ಇದ್ದದ್ದನ್ನು ಇಲ್ಲವೆನ್ನುವುದು ಏನೆಂದು ತಿಳಿಯುತ್ತದೆ.

ನಾಳೆ ಹತ್ತಕ್ಕೆ ವರದಿ ಬೈಂಡಿಂಗಿಗೆ ಹೋಗುತ್ತದೆ. ಒಂಬತ್ತಕ್ಕೇ ಹೋಗಿ ಆರನ್ನೂ ವಾಪಸ್ ಹಾಕುತ್ತೇನೆ. ಕದ್ದು ಅಲ್ಲ, ಸರ್ ಬಂದೊಡನೆ ನಾನೇ ಹೇಳುತ್ತೇನೆ. ದನಿ ನಡುಗಿದರೆ ನಡುಗಲಿ.