ಚಹಾದ ಗಾಜಿನ ಲೋಟ

ಲರಾಶ್,
ಏಪ್ರಿಲ್ 9

ನನ್ನ ಮುದ್ದಿನ ಮಗಳೇ ಘಿಜ್ಲಾನ್,

ಹೇಗಿದ್ದೀಯಮ್ಮ? ಸ್ಪೇನಿನ ಆ ಸ್ಟ್ರಾಬೆರಿ ಸಾಲುಗಳಲ್ಲಿ ದಿನವಿಡೀ ಬಗ್ಗಿ ಸೊಂಟ ಹಿಡಿದುಕೊಂಡಿರಬೇಕು. ಕಟ್ಟಿಕೊಟ್ಟ ಆಲಿವ್ ಎಣ್ಣೆ ಬಿಸಿ ಮಾಡಿ ಹಚ್ಚಿಕೋ, ಸೋಮಾರಿತನ ಬೇಡ. ಫೋನು ಬಿಟ್ಟು ಕಾಗದ ಬರೆಯುವ ಹುಚ್ಚು ಮುದುಕನಿಗೆ ಯಾಕೆ ಬಂತು ಎನ್ನಬೇಡ. ನನ್ನ ದನಿ ಕೇಳಿದರೆ ನೀನು ಅರ್ಧ ಮಾತಿಗೇ ಹಡಗು ಹತ್ತಿಬಿಡುತ್ತೀಯ. ಪಕ್ಕದ ಮನೆಯ ರ್ಕಿಯಾ ನಿನ್ನ ತೋಟಕ್ಕೇ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಮಗ ಸುಫ್ಯಾನ್ ಈಗ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದಾನೆ. ಈ ವಾಕ್ಯವನ್ನು ಇನ್ನೊಮ್ಮೆ ಓದಿಕೊಂಡು ಮುಂದಕ್ಕೆ ಹೋಗು. ಶಾಲೆಗೆ ಸೇರುವ ಮುನ್ನ ಎಲ್ಲ ಮಕ್ಕಳಿಗೂ ಹಾಕುವ ಚುಚ್ಚುಮದ್ದನ್ನು ಹೋದ ತಿಂಗಳು ಅವನಿಗೂ ಹಾಕಿಸಿದೆವು. ಸ್ವಲ್ಪ ದಿನವಾದ ಮೇಲೆ ಒಂದು ಬೆಳಿಗ್ಗೆ ಪೈಜಾಮ ಎತ್ತಿ, "ತಾತಾ, ನನ್ ಕಾಲಲ್ಲಿ ದಾಳಿಂಬೆ ಬಿಟ್ಟಿದೆ ನೋಡು" ಎಂದ. ಮೊಣಕಾಲಿನ ಕೆಳಗೆಲ್ಲ ಕಡುಗೆಂಪು ಕಾಳುಗಳು. ಚಿಗಟ ಕಡಿದಿದೆಯೆಂದು ನಿಮ್ಮಮ್ಮ ಹಾಸಿಗೆಗಳನ್ನೆಲ್ಲ ಬಿಸಿಲಿಗೆ ಎಳೆದಳು. ಸಂಜೆಗೆ ಪಾದದ ಗಂಟು ಊದಿ ಮಗು ನಿಲ್ಲಲಾರದೆ ಹೋಯಿತು. ಆಸ್ಪತ್ರೆಯಲ್ಲಿ ಡಾಕ್ಟರು ತಮ್ಮ ಚಹಾದ ಗಾಜಿನ ಲೋಟವನ್ನೇ ತೊಳೆದು ತಂದು ಅವನ ಕಾಲಿಗೆ ಒತ್ತಿ ಹಿಡಿದರು. ಗಾಜಿನಡಿಯಲ್ಲಿ ಕೆಂಪು ಮಾಯವಾಗಲಿಲ್ಲ; ಬರೀ ದದ್ದಾಗಿದ್ದರೆ ಒತ್ತಿದಾಗ ಮಾಯವಾಗಬೇಕಿತ್ತಂತೆ. ಸಣ್ಣ ರಕ್ತನಾಳಗಳಿಗೆ ಉರಿಯೂತ ಬಂದು ರಕ್ತ ಚರ್ಮದಡಿಗೆ ಸೋರಿದೆ, ಚುಚ್ಚುಮದ್ದಿನಿಂದ ಇರಬಹುದು, ಅದಕ್ಕೆ ಮೊದಲು ಬಂದ ನೆಗಡಿಯಿಂದಲೂ ಇರಬಹುದು, ತೀರಾ ಅಪರೂಪ ಎಂದರು. ನಮ್ಮ ಬಾಗಿಲಿಗೇ ಬಂದ ಮೇಲೆ ಅಪರೂಪ ಎಂದರೆ ಏನು ಸಮಾಧಾನ? ಹುಡುಗ ಗುಣವಾದ. ಮೂತ್ರಪಿಂಡಕ್ಕೆ ತಗುಲಿಲ್ಲವೆಂದು ನೋಡಲು ಮೂತ್ರ ಪರೀಕ್ಷೆಯನ್ನು ಮಾತ್ರ ಕೆಲವು ತಿಂಗಳು ತಪ್ಪಿಸುವಂತಿಲ್ಲ.

ಕಲೆಗಳು ಮಾಸಿವೆ, ನನ್ನ ಕಣ್ಣಿನಿಂದ ಹೋಗಿಲ್ಲ. ಚಹಾ ಬಗ್ಗಿಸಿದರೆ ಲೋಟದ ತಳದಲ್ಲಿ ಅವನ ಕಾಲೇ ಕಾಣುತ್ತದೆ. ಇದರ ಮೇಲೆ ಊರಿನಲ್ಲಿ ದಡಾರ ಎದ್ದಿದೆ, ನಿನ್ನ ಪುಟ್ಟ ಹಿಬಾಳ ದಡಾರದ ಚುಚ್ಚುಮದ್ದಿಗೂ ದಿನ ಬಂತು. "ಆ ಕೂಸನ್ನ ಹೊಸ್ತಿಲು ದಾಟಿಸಿದ್ರೆ ನಿಮ್ಮ ಹತ್ರ ಮಾತಾಡಲ್ಲ" ಎಂದಳು ನಿಮ್ಮಮ್ಮ. ತಪ್ಪು ಎನ್ನಲಾರೆ. ಆದರೆ ನೀನು ಕಾಣದ ನಿನ್ನಕ್ಕ ತಾಮು ದಡಾರದಲ್ಲೇ ಹೋದಳು. ಅವಳ ಮೈಯ ಕಾವು ಇನ್ನೂ ನನ್ನ ತೋಳಿನಲ್ಲಿದೆ. ಒಂದು ಕಡೆ ಅವಳು, ಒಂದು ಕಡೆ ಸುಫ್ಯಾನನ ಕಾಲು. ಇಬ್ಬರೂ ನನ್ನನ್ನು ಬಿಡುತ್ತಿಲ್ಲ, ಮಗಳೇ.

ರ್ಕಿಯಾ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ. ದೇವರು ನಿನ್ನ ಬೆನ್ನಿಗೆ ಬಲ ಕೊಡಲಿ, ಕ್ಷೇಮವಾಗಿ ನಿನ್ನ ಮಕ್ಕಳ ಬಳಿ ಸೇರಿಸಲಿ.

ನಿನ್ನ ಅಪ್ಪ,
ಬುಶ್ತಾ

ಮತ್ತೆ: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೊನ್ನೆ ಹಿಬಾಳಿಗೆ ಚುಚ್ಚುಮದ್ದು ಹಾಕಿಸಿಕೊಂಡು ಬಂದೆ. ನಿನ್ನನ್ನು ಕೇಳಲಿಲ್ಲ. ಹೆಚ್ಚುಕಡಿಮೆಯಾದರೆ ನನ್ನ ತಲೆಗೇ ಇರಲಿ, ನಿನ್ನದಕ್ಕೆ ಬೇಡ. ನಿಮ್ಮಮ್ಮ ಮಾತು ಬಿಟ್ಟಿದ್ದಾಳೆ. ಈಗ ಮಲಗಿದ ಮಗುವಿನ ಈ ಪಕ್ಕ ನಾನು ಗಾಜಿನ ಲೋಟ ಹಿಡಿದು ಕೂತಿದ್ದೇನೆ. ಆ ಪಕ್ಕ ಅವಳು ಕೂತಿದ್ದಾಳೆ, ಅವಳ ಕೈಯಲ್ಲೂ ಒಂದು ಲೋಟ.