ಕೊನೆಯ ತೊಟ್ಟಿಯ ಗುಟುಕು

ಫೆಬ್ರವರಿ ೩೦, ೨೧೯೪

ಸುವರ್ಣಾ ಅಜ್ಜಿಯವರಿಗೆ,

ತಾರೀಖು ಕಂಡು ಹುಬ್ಬೇರಿಸಬೇಡಿ. ಈಗ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಈ ಪತ್ರ ಹಿಂದಿನ ಕಾಲಕ್ಕೆ ಬಂದು ನಿಮ್ಮ ಕೈ ಸೇರುವಾಗ ನಿಮಗಿನ್ನೂ ಇಪ್ಪತ್ತಾರು ವರ್ಷ, ಮದುವೆಯೂ ಆಗಿಲ್ಲ. ಆದರೂ ಆರು ತಲೆಮಾರು ಕೆಳಗಿನವಳು ಅಜ್ಜಿ ಎನ್ನದೆ ಬೇರೇನು ಕರೆಯಲಿ? ನಮ್ಮ ಕೆಲವು ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಮ್ಮೂರು ಈಗಲೂ ಬಟ್ಟೆಗೆ ಬಣ್ಣ ಹಾಕಿಯೇ ಬದುಕುತ್ತದೆ. ಪ್ರತಿ ಥಾನಿನ ಅಂಚಿನಲ್ಲಿ ‘ಹುಟ್ಟೆಳೆ’ ಇರುತ್ತದೆ. ಹತ್ತಿ ಯಾವ ಹೊಲದ್ದು, ನೇಯ್ದವರು ಯಾರು, ತೊಳೆದ ನೀರು ಎಲ್ಲಿಯದು ಎಂಬುದನ್ನೆಲ್ಲ ಮುಟ್ಟಿದರೆ ಹೇಳಿಬಿಡುತ್ತದೆ. ಕಾಗದದ ಸರ್ಟಿಫಿಕೇಟನ್ನು ಯಾರೂ ನಂಬುವುದಿಲ್ಲ. ಅದರ ಬದಲು ‘ಸಹಿಗುಟುಕು’ ಬಂದಿದೆ: ಬಣ್ಣದ ಬಟ್ಟೆಯನ್ನು ಕೊನೆಗೆ ತೊಳೆದ ತೊಟ್ಟಿಯ ನೀರನ್ನು ವರ್ಷಕ್ಕೊಮ್ಮೆ ಊರಿನವರೊಬ್ಬರು, ಬಟ್ಟೆ ಕೊಳ್ಳುವವರ ಎದುರು, ಒಂದು ಗುಟುಕು ಕುಡಿಯಬೇಕು. ಉಗುಳಿದರೆ ವರ್ಷದ ಬಟ್ಟೆಯೆಲ್ಲ ವಾಪಸ್.

ಅದು ನಿಮ್ಮ ವಂಶದ ಹೆಣ್ಣುಮಕ್ಕಳೇ ಮಾಡಬೇಕಾದ ಕೆಲಸವೆಂದು ಊರು ತೀರ್ಮಾನಿಸಿದೆ. ಏಕೆಂದು ಹೇಳುತ್ತೇನೆ. ನಾಳೆ ನಿಮ್ಮ ಡೈಯಿಂಗ್ ಘಟಕಕ್ಕೆ ವಿದೇಶಿ ಕಂಪನಿಯ ತಪಾಸಣೆಯವರು ಬರುತ್ತಾರೆ. ಶುದ್ಧೀಕರಿಸಿ ಹೊರಬಿಡುವ ನೀರಿನ ಸ್ಯಾಂಪಲ್ ಕೇಳುತ್ತಾರೆ. ನೀವು ಕುಡಿಯುವ ನೀರಿನ ಕ್ಯಾನಿನಿಂದ ಬಾಟಲಿ ತುಂಬಿ ಸಹಿ ಹಾಕುತ್ತೀರಿ. ಇನ್ನೂರು ಜನರ ಕೆಲಸ ಉಳಿಯಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ಹಾಕುತ್ತೀರಿ, ನನಗೆ ಸಿಟ್ಟು ಬರುವುದೂ ಅದಕ್ಕೇ. ಘಟಕದ ನಿಜವಾದ, ಬಣ್ಣ ಬೆರೆತ ನೀಲಿ ನೀರು ಹಿತ್ತಲಿನ ಬತ್ತಿದ ಬೋರ್‌ವೆಲ್‌ಗೆ ಇಳಿಯುತ್ತಲೇ ಹೋಯಿತು. ಈಗ ಊರಲ್ಲಿ ಎಲ್ಲಿ ತೋಡಿದರೂ ಅದೇ ನೀಲಿ ಮೇಲೆ ಬರುತ್ತದೆ. ಎಷ್ಟು ಸೋಸಿದರೂ ಪೂರ್ತಿ ಹೋಗುವುದಿಲ್ಲ. ಸುಳ್ಳು ಸಹಿ ಹಾಕಿದವಳ ವಂಶವೇ ಅದನ್ನು ಕುಡಿಯಲಿ ಎನ್ನುತ್ತದೆ ಊರು.

ನಮ್ಮವ್ವ ನಾಲ್ಕು ವರ್ಷ ಕುಡಿದಳು, ಐದನೆಯ ವರ್ಷ ಅವಳೇ ಇರಲಿಲ್ಲ. ನಾನು ಒಂಬತ್ತು ವರ್ಷ ಕುಡಿದೆ. ನಾಲಿಗೆಗೆ ಉಪ್ಪು, ಹುಳಿ ತಿಳಿಯುವುದಿಲ್ಲ, ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ನಾಡಿದ್ದು ನನ್ನ ಮಗಳು ಇಬ್ಬನಿಯ ಸರದಿ. ಹತ್ತೊಂಬತ್ತರ ಹುಡುಗಿ. “ಒಂದ ಗುಟುಕು ಅಲ್ಲೇನ ಯವ್ವಾ, ಕಣ್ಣ ಮುಚ್ಚಿ ಕುಡದ ಬಿಡ್ತೀನಿ” ಎಂದು ನನಗೇ ಧೈರ್ಯ ಹೇಳುತ್ತಾಳೆ. ನನಗೆ ತುಂಬ ಭಯವಾಗುತ್ತಿದೆ, ಅಜ್ಜಿ.

ನಾಳೆ ಆ ಬಾಟಲಿಯನ್ನು ಆ ಬೋರ್‌ವೆಲ್‌ಗೆ ನೀರು ಬಿಡುವ ಹಿತ್ತಲಿನ ಕೊಳವೆಯಿಂದಲೇ ತುಂಬಿ. ಮನಸ್ಸು ಬಾರದಿದ್ದರೆ ಮೊದಲು ನೀವೇ ಒಂದು ಗುಟುಕು ಕುಡಿದು ನೋಡಿ. ಕುಡಿಯಲಾಗದಿದ್ದರೆ ಸಹಿ ಹಾಕಬೇಡಿ. ಆರ್ಡರ್ ಹೋದರೆ ಹೋಗಲಿ, ಇನ್ನೊಂದು ಬರುತ್ತದೆ.

ಇಲ್ಲಿ ಅಂಗಳದಲ್ಲಿ ಇಬ್ಬನಿ ಬಾಯಿತುಂಬ ಬರೀ ನೀರು ತುಂಬಿಕೊಂಡು, ಮುಖ ಸಿಂಡರಿಸದೆ ನುಂಗುವ ಅಭ್ಯಾಸ ಮಾಡುತ್ತಿದ್ದಾಳೆ.

ನಿಮ್ಮ ವಂಶದವಳೇ ಆದ
ದಾಕ್ಷಾಯಿಣಿ